ಸಾಧ್ಯವಾದ ಮಟ್ಟಿಗೆ

ನನ್ನನ್ನು ಆ ಹೆಂಗಸಿಗೆ ಆಪ್ತ ಸಹಾಯಕನಾಗಿ ಹಾಕಿದ್ದೇ ಒಂದು ಶಿಕ್ಷೆ. ಅದಕ್ಕೂ ಮುಂಚೆ ನಾನು ಮಂತ್ರಿಯೊಬ್ಬರ ಹತ್ತಿರ ಇದ್ದೆ. ಅವರ ಹೆಂಡತಿಯ ತಮ್ಮನ ಫೈಲು ನನ್ನ ಮೇಜಿನ ಮೇಲೆ ನಾಲ್ಕು ದಿನ ಜಾಸ್ತಿ ಕೂತಿತು ಅನ್ನುವ ಕಾರಣಕ್ಕೆ ನನ್ನನ್ನು ಎತ್ತಿ ಶಾಸಕರ ಕಟ್ಟಡದ ನಾಲ್ಕನೇ ಮಹಡಿಯ ತುದಿಕೋಣೆಗೆ ಎಸೆದರು. ಆ ಕೋಣೆಯ ಪಕ್ಕದಲ್ಲಿ ಶೌಚಾಲಯ. ಬಾಗಿಲು ಪೂರ್ತಿ ಮುಚ್ಚುತ್ತಿರಲಿಲ್ಲ. ಹೊಸದಾಗಿ ಗೆದ್ದು ಬಂದ ಹೆಂಗಸರಿಗೆ, ಬಣ ಬದಲಿಸಿ ಸಿಕ್ಕಿಬಿದ್ದ ಗಂಡಸರಿಗೆ ಅದು ಮೀಸಲು.

ಹದಿನೇಳು ವರ್ಷ ಐವರು ಶಾಸಕರ ಚೀಲ ಹೊತ್ತಿದ್ದೆ. ನನ್ನ ಲೆಕ್ಕದಲ್ಲಿ ಶಾಸಕರಲ್ಲಿ ಎರಡೇ ಜಾತಿ: ತಿನ್ನುವವರು, ಇನ್ನೂ ತಟ್ಟೆ ಸಿಗದವರು. ಈಕೆ ಎರಡನೆಯ ಜಾತಿ ಅಂದುಕೊಂಡೇ ಮೊದಲ ದಿನ ಒಳಗೆ ಹೋದೆ. ಐವತ್ತರ ಹತ್ತಿರದ ಸಣಕಲು ಹೆಂಗಸು, ಸಮತಟ್ಟಾದ ಚಪ್ಪಲಿ, ಕೊರಳಲ್ಲಿ ದಾರ ಕಟ್ಟಿದ ಕನ್ನಡಕ. ಹಳೇ ಪತ್ರಿಕೆ ಒದ್ದೆ ಮಾಡಿಕೊಂಡು ಮೇಜು ಒರೆಸುತ್ತಿದ್ದರು.

"ಎಷ್ಟು ವರ್ಷದಿಂದ ಇದ್ದೀರಿ ಇಲ್ಲಿ?"

"ಹದಿನೇಳು, ಮೇಡಂ."

"ಅಷ್ಟರಲ್ಲಿ ಜನಕ್ಕೆ ಒಳ್ಳೇದಾಗೋ ಕೆಲಸ ಅಂತ ಏನಾದ್ರೂ ನೋಡಿದೀರಾ?"

"ಲಿಫ್ಟ್ ರಿಪೇರಿ ಮಾಡಿಸಿದ್ರು ಮೇಡಂ. ಒಂದು ಸಲ."

ಅವರು ನಕ್ಕುಬಿಟ್ಟರು. ಕೈಕೆಳಗಿನವರ ಕೊಂಕು ಮಾತಿಗೆ ನಗುವ ಅಧಿಕಾರಸ್ಥರನ್ನು ನಾನು ಕಂಡಿರಲಿಲ್ಲ. ಇದೂ ಒಂದು ನಾಟಕ ಅಂದುಕೊಂಡೆ.

ಅವರು ಗೆದ್ದ ಕಥೆ ಕಟ್ಟಡದಲ್ಲಿ ಎಲ್ಲರಿಗೂ ಗೊತ್ತಿತ್ತು. ಹತ್ತೊಂಬತ್ತು ವರ್ಷ ಜಿಲ್ಲಾ ಕೋರ್ಟಿನಲ್ಲಿ ಟೈಪಿಸ್ಟ್. ಕೋರ್ಟಿನ ಹೆಂಗಸರಿಗೆ ಒಂದು ಶೌಚಾಲಯ ಬೇಕು ಅಂತ ನೌಕರರನ್ನು ಕಟ್ಟಿಕೊಂಡು ಹನ್ನೊಂದು ದಿನ ಕೆಲಸ ನಿಲ್ಲಿಸಿದ್ದರಿಂದ ಪತ್ರಿಕೆಯಲ್ಲಿ ಫೋಟೋ ಬಂದಿತ್ತು. ಚುನಾವಣೆ ಬಂದಾಗ ಪಕ್ಷಕ್ಕೆ ತೋರಿಸಿಕೊಳ್ಳಲು ಒಬ್ಬ ಹೆಂಗಸು ಬೇಕಿತ್ತು. ಖಂಡಿತ ಸೋಲುವ ಕ್ಷೇತ್ರ ನೋಡಿ ಕೊಟ್ಟರು. ಎದುರಾಳಿಗಳಿಬ್ಬರೂ ಅಣ್ಣತಮ್ಮಂದಿರು, ಅವರಿಬ್ಬರ ಜಗಳದಲ್ಲಿ ಈಕೆ ಮುನ್ನೂರ ಚಿಲ್ಲರೆ ಮತದಿಂದ ಗೆದ್ದರು. ಗೆದ್ದ ದಿನ ಪಕ್ಷದ ಕಚೇರಿಯಲ್ಲಿ ಸಾವಿನ ಮನೆಯ ಕಳೆ ಇತ್ತಂತೆ. ಸದನದಲ್ಲಿ ಅವರಿಗೆ 'ಟೈಪಮ್ಮ' ಅಂತ ಹೆಸರಿಟ್ಟರು.

ಹೆಸರಿಟ್ಟವರು ಕಾನೂನು ಮಂತ್ರಿ. ಅವರನ್ನು ನಾವು ಗುಮಾಸ್ತರು 'ಬೆಣ್ಣೆ' ಅನ್ನುತ್ತಿದ್ದೆವು. ಮಾತು ಅಷ್ಟು ನುಣುಪು, ಯಾವ ಹಗರಣ ಬಂದರೂ ಮೈಗೆ ಅಂಟದೆ ಜಾರಿಹೋಗುತ್ತಿತ್ತು. ಎದುರು ಸಿಕ್ಕವರಿಗೆಲ್ಲ 'ಆಗಲಿ' ಅನ್ನುವರು, ಯಾರಿಗೂ ಏನೂ ಆಗುತ್ತಿರಲಿಲ್ಲ.

ಮೂರು ತಿಂಗಳಾದ ಮೇಲೆ ಮೇಡಂ ಒಂದು ಮಸೂದೆಯ ಕರಡು ನನ್ನ ಮುಂದಿಟ್ಟರು. ಒಂದೂವರೆ ಪುಟ. ಹೆಂಗಸೊಬ್ಬಳು ಠಾಣೆಯಲ್ಲಾಗಲಿ ಕೋರ್ಟಿನಲ್ಲಾಗಲಿ ಹೇಳಿಕೆ ಕೊಟ್ಟರೆ ಅವಳ ಬಾಯಿಂದ ಬಂದ ಹಾಗೇ ಬರೆದುಕೊಳ್ಳಬೇಕು; ಬರೆದದ್ದನ್ನು ಅವಳಿಗೆ ಅರ್ಥವಾಗುವ ಭಾಷೆಯಲ್ಲಿ ಓದಿ ಹೇಳಬೇಕು; ಓದಿದ್ದನ್ನು ಧ್ವನಿಮುದ್ರಣ ಮಾಡಿ ಇಡಬೇಕು; ಅದಿಲ್ಲದಿದ್ದರೆ ಆ ಕಾಗದಕ್ಕೆ ಬೆಲೆಯಿಲ್ಲ.

"ಇದು ಈಗಾಗ್ಲೇ ಇದೆಯಲ್ಲ ಮೇಡಂ," ಅಂದೆ. "ಪ್ರತಿ ಹೇಳಿಕೆ ಕೆಳಗೂ ಇರುತ್ತೆ: ಓದಿ ಹೇಳಲಾಗಿದೆ, ಸರಿಯಿದೆ ಎಂದು ಒಪ್ಪಿರುತ್ತಾರೆ."

"ಆ ಸಾಲನ್ನ ಯಾವಾಗ ಟೈಪ್ ಮಾಡ್ತಿದ್ವಿ ಗೊತ್ತಾ? ಬೆಳಿಗ್ಗೆ ಬಂದ ತಕ್ಷಣ. ನಲವತ್ತು ಹಾಳೆ ತಗೊಂಡು ಎಲ್ಲದರ ಕೆಳಗೂ ಅದನ್ನ ಮೊದಲೇ ಹೊಡೆದಿಡ್ತಿದ್ವಿ. ಸಾಕ್ಷಿ ಆಗಿನ್ನೂ ಬಸ್ಸಲ್ಲಿರ್ತಿದ್ಳು."

ಆಮೇಲೆ, ಊಟದ ಡಬ್ಬಿ ಮುಚ್ಚಿಟ್ಟು, ಇನ್ನೊಂದು ಸಂಗತಿ ಹೇಳಿದರು.

ಆರೇಳು ವರ್ಷದ ಹಿಂದೆ ಒಬ್ಬ ದರ್ಜಿ ಹೆಂಗಸು ಕಟಕಟೆಗೆ ಬಂದಿದ್ದಳು. ಮೈದುನನನ್ನು ಮೆಟ್ಟಿಲಿಂದ ತಳ್ಳಿ ಕೊಂದ ಆರೋಪ. ಮಧ್ಯಾಹ್ನದ ಹೊತ್ತು, ಗಂಡ ಕೆಲಸಕ್ಕೆ ಹೋಗಿದ್ದ, ನಾಲ್ಕು ವರ್ಷದ ಮಗಳು ನೆರೆಮನೆಯಲ್ಲಿ. "ಅವನು ಬಾಗಿಲು ತಳ್ಕೊಂಡು ಒಳಗೆ ಬಂದು ಕೈ ಹಿಡಿದ. ಬಿಡು ಅಂದೆ. ಬಿಡಲಿಲ್ಲ. ಎಳ್ಕೊಂಡ. ಕೈಲಾದಷ್ಟು ಜೋರಾಗಿ ತಳ್ಳಿದೆ, ಹಿಂದಕ್ಕೆ ಹೋಗಿ ಮೆಟ್ಟಿಲ ಮೇಲೆ ಬಿದ್ದ," ಅಂತ ಅವಳು ಹೇಳಿದಳು. ನ್ಯಾಯಾಧೀಶರಿಗೆ ಊಟದ ಹೊತ್ತಾಗಿತ್ತು. ಅವರು ಟೈಪಿಸ್ಟಿಗೆ ಹೇಳಿ ಬರೆಸಿದ್ದು: "ಮನೆಯ ವಿಷಯಕ್ಕೆ ಮಾತಿಗೆ ಮಾತು ಬೆಳೆದು ನಾನು ಮೃತನನ್ನು ಬಲವಾಗಿ ತಳ್ಳಿದೆ."

"ನಾನು ಒಂದು ಗಳಿಗೆ ಕೈ ನಿಲ್ಲಿಸಿದೆ," ಅಂದರು ಮೇಡಂ. "ಅವರು ಕನ್ನಡಕದ ಮೇಲಿಂದ ನೋಡಿ, ಏನಮ್ಮಾ, ಬೆರಳು ನೋಯ್ತಿದ್ಯಾ ಅಂದ್ರು. ಹೊಡೆದೆ. ಅವಳು ಓದದೆ ಸಹಿ ಹಾಕಿದ್ಳು. ಹತ್ತು ವರ್ಷ ಹಾಕಿದ್ರು ಅವಳಿಗೆ. ತೀರ್ಪನ್ನೂ ನಾನೇ ಟೈಪ್ ಮಾಡಿದ್ದು."

ನಾನು ತಲೆಯಾಡಿಸಿದೆ. ರಾಜಕೀಯಕ್ಕೆ ಬಂದವರ ಹತ್ತಿರ ಇಂಥದೊಂದು ಕಥೆ ಇದ್ದೇ ಇರುತ್ತದೆ, ಭಾಷಣಕ್ಕೆ ಒಗ್ಗರಣೆ ಹಾಕಲು. ಅಷ್ಟೇ ಅಂದುಕೊಂಡೆ.

ಮಸೂದೆ ಮೊದಲ ಸಲ ಮಂಡನೆಯಾದ ದಿನ ಸದನದಲ್ಲಿ ಅರ್ಧ ಕುರ್ಚಿ ಖಾಲಿ, ಉಳಿದರ್ಧದಲ್ಲಿ ನಿದ್ದೆ. ಮೇಡಂ ಒಂಬತ್ತು ನಿಮಿಷ ಮಾತಾಡಿದರು. ಬೆಣ್ಣೆ ಎದ್ದು ನಿಂತು, ಕೈಮುಗಿದು, ಹೇಳಿದ: "ಮಾನ್ಯ ಸದಸ್ಯೆಯವರ ಕಳಕಳಿ ದೊಡ್ಡದು. ಆದರೆ ಹೆಂಗಸರು ಮಾತಾಡಿದ್ದನ್ನೆಲ್ಲ ಇದ್ದ ಹಾಗೇ ಬರೆದುಕೊಳ್ಳೋದಾದ್ರೆ ಅಧ್ಯಕ್ಷರೇ, ಮೊದಲು ಕಾಗದದ ಕಾರ್ಖಾನೆ ಮಸೂದೆ ತರಬೇಕಾಗುತ್ತೆ."

ನಿದ್ದೆಯಲ್ಲಿದ್ದವರೂ ಎದ್ದು ನಕ್ಕರು. ಮೇಜು ಕುಟ್ಟಿದರು. ಹೆಂಡತಿ ಹತ್ತಿರ ಬಾಯಿ ಬಿಡಲು ಹೆದರುವ ಒಬ್ಬ ಗುತ್ತಿಗೆದಾರ ಶಾಸಕನಿಗಂತೂ ನಗು ತಡೆಯಲಾಗದೆ ಕೆಮ್ಮು ಹತ್ತಿತು. ಮೇಲಿನ ಗ್ಯಾಲರಿಯಲ್ಲಿ ಕೂತಿದ್ದ ನಾನೂ ನಕ್ಕೆ. ಅದೇ ಹೊತ್ತಿಗೆ ಮೇಡಂ ತಲೆಯೆತ್ತಿ ನೋಡಿದರು. ಕೋಣೆಗೆ ಬಂದ ಮೇಲೆ ಆ ವಿಷಯ ಎತ್ತಲೇ ಇಲ್ಲ. "ಮುಂದಿನ ಅಧಿವೇಶನಕ್ಕೆ ಮತ್ತೆ ನೋಟಿಸ್ ಕೊಡಿ," ಅಂದರು ಅಷ್ಟೇ. ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು.

ಒಂಬತ್ತು ವರ್ಷದಲ್ಲಿ ಅದೇ ಮಸೂದೆ ಆರು ಸಲ ಮಂಡನೆಯಾಯಿತು. ಎಮ್ಮೆ ಮೇಲೆ ಮಳೆ ಸುರಿದ ಹಾಗೆ. ಒಂದು ಸಲ ಸಮಯ ಸಾಲಲಿಲ್ಲ, ಒಂದು ಸಲ ಕೋರಂ ಇರಲಿಲ್ಲ, ಒಂದು ಸಲ ಸಮಿತಿಗೆ ಹೋಗಿ ಅಲ್ಲಿ ಕಳೆದೇಹೋಯಿತು. ಸಮಿತಿಯ ಅಧ್ಯಕ್ಷ ಅದರ ಮೇಲೆ ಟೀ ಲೋಟ ಇಟ್ಟಿದ್ದನ್ನು ನಾನೇ ಕಂಡೆ. ನಡುವೆ ಇನ್ನೊಂದು ಚುನಾವಣೆ ಬಂತು, ಮೇಡಂ ಮತ್ತೆ ಗೆದ್ದರು. ಈ ಸಲ ಯಾವ ಅಣ್ಣತಮ್ಮಂದಿರ ಜಗಳವೂ ಇರಲಿಲ್ಲ. ಪಕ್ಷದ ದೊಡ್ಡವರಿಗೆ ಅದನ್ನು ನುಂಗಿಕೊಳ್ಳಲು ಇನ್ನೂ ಕಷ್ಟವಾಯಿತು.

ಮಸೂದೆ ಸಾಗದಿದ್ದರೂ ಬೇರೆ ಕೆಲಸಗಳು ಆದವು. ಎಲ್ಲ ಕೋರ್ಟುಗಳಲ್ಲೂ ಹೆಂಗಸರ ಶೌಚಾಲಯಕ್ಕೆ ಒಳಗಿನಿಂದ ಹಾಕುವ ಚಿಲಕ ಬಂತು. ನಗಬೇಡಿ, ಮೂವತ್ತೊಂದು ಕೋರ್ಟುಗಳಲ್ಲಿ ಚಿಲಕವೇ ಇರಲಿಲ್ಲ. ಜೈಲಿನಲ್ಲಿ ಹೆರಿಗೆಯ ಹೊತ್ತಿಗೆ ಕೈಗೆ ಬೇಡಿ ಹಾಕುವುದು ನಿಂತಿತು. ಇದಕ್ಕೆ ಮೇಡಂ ಜೈಲು ಅಧಿಕಾರಿಯ ಎದುರು ನಾಲ್ಕು ಗಂಟೆ ಕೂತರು. "ಅವಳು ಓಡಿಹೋದ್ರೆ?" ಅಂದ ಆ ಪುಣ್ಯಾತ್ಮ. "ಹೆರೋ ನೋವಲ್ಲಿ ಒಂದು ಹೆಜ್ಜೆ ಓಡಿ ತೋರ್ಸೋ ಹೆಂಗಸನ್ನ ಕರ್ಕೊಂಡ್ ಬನ್ನಿ, ಅವಳಿಗೆ ನಾನೇ ಬೇಡಿ ಹಾಕ್ತೀನಿ," ಅಂದರು ಮೇಡಂ. ಆದೇಶ ಹೊರಟ ದಿನದ ಸಮಾರಂಭಕ್ಕೆ ಬೆಣ್ಣೆ ಬಂದ, ಹೂಗುಚ್ಛ ತಗೊಂಡ, ಫೋಟೋ ತೆಗೆಸಿಕೊಂಡ. ಫೋಟೋದಲ್ಲಿ ಮೇಡಂ ಅವರ ಒಂದು ಮೊಣಕೈ ಇದೆ.

ದರ್ಜಿ ಹೆಂಗಸನ್ನು ಅವರು ಮೊದಲ ವರ್ಷದಲ್ಲೇ ಹುಡುಕಿದ್ದರು. ಜೈಲಿನ ಹೊಲಿಗೆ ವಿಭಾಗದಲ್ಲಿ ಸಮವಸ್ತ್ರ ಹೊಲಿಯುತ್ತಿದ್ದಳು. ನಾನು ಬಾಗಿಲ ಹತ್ತಿರ ನಿಂತಿದ್ದೆ. ಮೇಡಂ ಅವಳ ಮುಂದೆ ಸ್ಟೂಲು ಎಳೆದುಕೊಂಡು ಕೂತು, ತಾವು ಯಾರೆಂದು ಹೇಳಿದರು. ಮಷೀನು ನಿಲ್ಲಲಿಲ್ಲ.

"ಗೊತ್ತಾಯ್ತು," ಅಂದಳು ಅವಳು. "ಮೂಲೇಲಿ ಕೂತು ಟಕಟಕ ಹೊಡೀತಿದ್ದೋರು."

"ಅವರು ಬರೆಸಿದ್ದು ತಪ್ಪು ಅಂತ ನನಗೆ ಗೊತ್ತಿತ್ತು."

ಆಗ ಅವಳು ಕಾಲು ತೆಗೆದಳು. ಮಷೀನು ನಿಂತಿತು. "ಗೊತ್ತಿತ್ತಾ? ನಾನಿಷ್ಟು ದಿನ ನಿಮಗೆ ಕಿವಿ ಮಂದ ಅಂದ್ಕೊಂಡಿದ್ದೆ. ಹಾಗಿದ್ದಿದ್ರೇ ಚೆನ್ನಾಗಿತ್ತು." ದಾರ ಕತ್ತರಿಸಿ, "ಅವತ್ತು ಬಾಯಿ ಬಿಟ್ಟಿದ್ರೆ ಏನಾಗ್ತಿತ್ತು ನಿಮಗೆ? ಕೆಲಸ ಹೋಗ್ತಿತ್ತು. ನಂದು ಮಗಳು ಹೋದ್ಳು. ಅತ್ತೆ ಸಾಕ್ತಿದಾರೆ. ನಿಮ್ಮಮ್ಮ ಕೊಲೆಗಾತಿ ಅಂತ ಹೇಳ್ಕೊಟ್ಟು ಸಾಕ್ತಿದಾರೆ."

"ಮತ್ತೆ ಅರ್ಜಿ ಹಾಕೋಣ. ನಾನು ವಕೀಲರನ್ನ..."

"ನನ್ನ ಹೆಸರು ಹೇಳ್ಕೊಂಡು ಭಾಷಣ ಮಾಡ್ಬೇಡಿ," ಅಂದಳು. "ಅಷ್ಟು ಉಪಕಾರ ಮಾಡಿ ಸಾಕು." ಮಷೀನು ಮತ್ತೆ ಶುರುವಾಯಿತು.

ಒಂಬತ್ತು ವರ್ಷದಲ್ಲಿ ಮೇಡಂ ಸದನದಲ್ಲಿ ಒಂದು ಸಲವೂ ಅವಳ ಸುದ್ದಿ ಎತ್ತಲಿಲ್ಲ. ಅದು ಮಾತು ಉಳಿಸಿಕೊಂಡದ್ದೂ ಹೌದು, ತಮ್ಮ ತಪ್ಪು ಮುಚ್ಚಿಟ್ಟುಕೊಂಡದ್ದೂ ಹೌದು. ಎರಡಕ್ಕೂ ಒಂದೇ ಬಾಗಿಲು ಇತ್ತು. ಅದನ್ನು ಅವರು ಹಿತವಾಗಿ ಮುಚ್ಚಿಕೊಂಡಿದ್ದರು. ನಾನು ಯಾರನ್ನೂ ಬಿಡುವವನಲ್ಲ, ಅವರನ್ನೂ ಬಿಡುವುದಿಲ್ಲ.

ಒಂಬತ್ತನೇ ವರ್ಷ ಇದ್ದಕ್ಕಿದ್ದಂತೆ ಬೆಣ್ಣೆ ನಮ್ಮ ತುದಿಕೋಣೆಗೆ ಬಂದ. ಹಿಂದೆ ಯಾವ ಮಂತ್ರಿಯೂ ಆ ಮಹಡಿಯ ನೆಲ ತುಳಿದಿರಲಿಲ್ಲ. ಚುನಾವಣೆ ಹತ್ತಿರವಿತ್ತು, ಹೆಂಗಸರ ಮತಕ್ಕೆ ಅವನಿಗೆ ಏನಾದರೊಂದು ಬೇಕಿತ್ತು, ಹೊಸದನ್ನು ಯೋಚಿಸುವಷ್ಟು ತಲೆ ಇರಲಿಲ್ಲ.

"ಅಕ್ಕಾ, ನಿಮ್ಮ ಮಸೂದೆ ಸರ್ಕಾರದ ಮಸೂದೆಯಾಗಿ ತರ್ತೀವಿ," ಅಂದ. ಅವನ ಬಾಯಲ್ಲಿ 'ಟೈಪಮ್ಮ' ಹೋಗಿ 'ಅಕ್ಕ' ಬಂದಿತ್ತು. "ಕಾನೂನು ಇಲಾಖೆಯೋರು ಎರಡು ಪದ ಸೇರಿಸಿದಾರೆ, ಅಷ್ಟೇ. ಮಹಿಳಾ ಆಯೋಗಕ್ಕೆ ನಿಮ್ಮನ್ನೇ ಅಧ್ಯಕ್ಷೆ ಮಾಡ್ಬೇಕು ಅಂತ ಮುಖ್ಯಮಂತ್ರಿಗಳ ಆಸೆ."

ಅವನು ಹೋದ ಮೇಲೆ ಕರಡು ನೋಡಿದೆವು. ಎಲ್ಲ ಅವರದೇ ಮಾತು. ಪ್ರತಿ ಕಲಮಿನಲ್ಲೂ 'ಬರೆದುಕೊಳ್ಳಬೇಕು', 'ಓದಿ ಹೇಳಬೇಕು' ಅನ್ನುವುದರ ಮುಂಚೆ ಆ ಎರಡು ಪದ ಕೂತಿದ್ದವು: 'ಸಾಧ್ಯವಾದ ಮಟ್ಟಿಗೆ'.

"ಒಪ್ಕೊಳ್ಳಿ ಮೇಡಂ," ಅಂದೆ. ಇದರಲ್ಲಿ ನನ್ನ ಸ್ವಾರ್ಥವೂ ಇತ್ತು. ಆಯೋಗದ ಅಧ್ಯಕ್ಷೆಯ ಆಪ್ತ ಸಹಾಯಕನಿಗೆ ಒಂದು ದರ್ಜೆ ಬಡ್ತಿ. "ಏನೂ ಇಲ್ಲದೆ ಇರೋದಕ್ಕಿಂತ ಇಷ್ಟಾದ್ರೂ ಸಿಕ್ಕಿತಲ್ಲ. ಮುಂದೆ ತಿದ್ದುಪಡಿ ತಂದ್ರಾಯ್ತು."

ಮೇಡಂ ಇಲ್ಲ ಅನ್ನಲಿಲ್ಲ. ಅವರಿಗೂ ಸುಸ್ತಾಗಿತ್ತು. ಒಂಬತ್ತು ವರ್ಷ ಗೋಡೆಗೆ ತಲೆ ಚಚ್ಚಿಕೊಂಡವರಿಗೆ ಯಾರಾದರೂ ದಿಂಬು ಚಾಚಿದರೆ ಒರಗಬೇಕು ಅನ್ನಿಸುವುದು ಸಹಜ. ಎರಡು ದಿನ ಕರಡು ಚೀಲದಲ್ಲಿಟ್ಟುಕೊಂಡು ಓಡಾಡಿದರು. ಮೂರನೇ ದಿನ ಬೆಳಿಗ್ಗೆ, "ಬನ್ನಿ, ಒಬ್ಬರನ್ನ ಕೇಳ್ಬೇಕು," ಅಂದರು.

ದರ್ಜಿ ಹೆಂಗಸು ಬಿಡುಗಡೆಯಾಗಿ ಆರು ವರ್ಷವಾಗಿತ್ತು. ಒಂದು ಹಳೇ ಕಟ್ಟಡದ ನೆಲಮಾಳಿಗೆಯಲ್ಲಿ ಅಂಗಡಿ. ಪ್ಯಾಂಟು ಗಿಡ್ಡ ಮಾಡುವುದು, ಜಿಪ್ಪು ಬದಲಿಸುವುದು. ಕಿಟಕಿಯಲ್ಲಿ ರಸ್ತೆಯ ಜನರ ಕಾಲು ಮಾತ್ರ ಕಾಣುತ್ತಿತ್ತು. ಮೇಡಂ ಕರಡನ್ನು ಅವಳ ಮುಂದಿಟ್ಟರು. ಅವಳು ಬಾಯಲ್ಲಿದ್ದ ಗುಂಡುಸೂಜಿಗಳನ್ನು ತೆಗೆದು, ತುಟಿ ಆಡಿಸುತ್ತ, ಎರಡು ಪುಟವನ್ನೂ ಕೊನೆಯ ಅಕ್ಷರದವರೆಗೆ ಓದಿದಳು. ನಮ್ಮ ಸದನದಲ್ಲಿ ಆ ಕೆಲಸ ಮಾಡಿದವರು ಇಬ್ಬರೋ ಮೂವರೋ.

"ಇದೇನು, ಸಾಧ್ಯವಾದ ಮಟ್ಟಿಗೆ?"

"ಅದನ್ನ ಅವರು ಸೇರ್ಸಿದ್ದು," ಅಂದರು ಮೇಡಂ.

"ನಿಮ್ಮ ಸಾಹೇಬ್ರು ನಂದನ್ನ ಸಾಧ್ಯವಾದ ಮಟ್ಟಿಗೇ ಬರ್ಕೊಂಡಿದ್ರಲ್ಲ," ಅಂದಳು ಅವಳು. "ಊಟದ ಹೊತ್ತಾಗಿತ್ತು. ಇನ್ನೆಷ್ಟು ಸಾಧ್ಯ ಆಗ್ತಿತ್ತು ಪಾಪ?" ಕಾಗದ ವಾಪಸ್ ಕೊಟ್ಟು ಸೂಜಿ ಮತ್ತೆ ಬಾಯಿಗಿಟ್ಟುಕೊಂಡಳು.

ಮೆಟ್ಟಿಲು ಹತ್ತಿ ರಸ್ತೆಗೆ ಬಂದ ಮೇಲೆ ಮೇಡಂ, "ನಿಮ್ಮ ಬಡ್ತಿ ಹೋಯ್ತು, ಬೇಜಾರ್ ಮಾಡ್ಕೋಬೇಡಿ," ಅಂದರು. ಬೇಜಾರಾಯಿತು. ಮನೆಗೆ ಹೋಗಿ ಹೆಂಡತಿಗೆ ಹೇಳಿದರೆ, "ಆ ಹೆಂಗಸರಿಬ್ಬರ ಮಧ್ಯೆ ನಿಮ್ಮ ಬಡ್ತಿ ಯಾರಿಗೆ ಬೇಕು," ಅಂದುಬಿಟ್ಟಳು.

ಮಸೂದೆ ಮತಕ್ಕೆ ಬಂದ ದಿನ ಸದನ ತುಂಬಿ ತುಳುಕುತ್ತಿತ್ತು, ಟಿವಿಯವರು ಬಂದಿದ್ದರು. ಹೆಂಗಸರ ಮೇಲಿನ ಗೌರವದ ಬಗ್ಗೆ ಹದಿನೆಂಟು ಗಂಡಸರು ಮಾತಾಡಿದರು. ಹೆಂಡತಿಯನ್ನು ಹೊಡೆದು ಠಾಣೆ ಮೆಟ್ಟಿಲು ಹತ್ತಿದ್ದವನೊಬ್ಬ ತಾಯಿಯ ಮಹಿಮೆ ಹೇಳುತ್ತ ಕಣ್ಣೊರೆಸಿಕೊಂಡ. ಮತ ಎಣಿಸಿದಾಗ ವಿರೋಧವಾಗಿ ಒಂದೇ ಒಂದು ಕೈ ಎದ್ದಿತ್ತು. ಅದು ಮೇಡಂ ಕೈ.

"ಹೆತ್ತ ತಾಯೇ ಕೂಸಿನ ಕತ್ತು ಹಿಸುಕಿದ್ರಲ್ಲ ಅಕ್ಕಾ!" ಅಂದ ಬೆಣ್ಣೆ, ಟಿವಿಯ ಕಡೆ ತಿರುಗಿ.

"ನನ್ನ ಕೂಸಲ್ಲ ಇದು," ಅಂದರು ಮೇಡಂ. "ಬಟ್ಟೆ ಮಾತ್ರ ನಂದು."

ಆ ಮಾತು ಯಾವ ಪತ್ರಿಕೆಯಲ್ಲೂ ಬರಲಿಲ್ಲ. ಪಕ್ಷ ಅವರಿಗೆ ಟಿಕೆಟ್ ನಿರಾಕರಿಸಿತು. ಅವಧಿಯ ಕೊನೆಯ ದಿನ, ಪದ್ಧತಿಯಂತೆ, ಹೋಗುವವರಿಗೆಲ್ಲ ಐದೈದು ನಿಮಿಷ ಕೊಟ್ಟರು. ಎಲ್ಲರೂ ಗುಂಪು ಫೋಟೋಗೆ ತಯಾರಾಗಿ ತಲೆ ಬಾಚಿಕೊಂಡು ಕೂತಿದ್ದರು. ಮೇಡಂ ಎದ್ದು ನಿಂತರು. ಅವರ ಕೈಯಲ್ಲಿ ಕಾಗದ ಇರಲಿಲ್ಲ.

"ಅಧ್ಯಕ್ಷರೇ, ನಾನು ಸರ್ಕಾರಿ ನೌಕರಳಾಗಿದ್ದಾಗ ಸುಳ್ಳು ದಾಖಲೆ ಮಾಡಿದೀನಿ," ಅಂತ ಶುರು ಮಾಡಿದರು. ದಿನಾಂಕ ಹೇಳಿದರು, ಮೊಕದ್ದಮೆಯ ಸಂಖ್ಯೆ ಹೇಳಿದರು; ದರ್ಜಿ ಹೆಂಗಸಿನ ಹೆಸರು ಮಾತ್ರ ಎತ್ತಲಿಲ್ಲ. ಆ ಹೆಂಗಸು ಹೇಳಿದ್ದೇನು, ನ್ಯಾಯಾಧೀಶರು ಬರೆಸಿದ್ದೇನು, ತಾವು ಹೊಡೆದದ್ದೇನು ಅಂತ ಸಾಲಿಗೆ ಸಾಲು ಇಟ್ಟು ಹೇಳಿದರು. ಆ ನ್ಯಾಯಾಧೀಶರು ತೀರಿಕೊಂಡು, ಕೋರ್ಟಿನ ಗ್ರಂಥಾಲಯಕ್ಕೆ ಅವರ ಹೆಸರಿಟ್ಟಾಗಿತ್ತು. "ಇದಕ್ಕೆ ನಾನು ಹೊಣೆ. ಎಲ್ಲಿ ಕರೆದರೂ ಬಂದು ಹೇಳ್ತೀನಿ. ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ ಅಂದ್ರೆ, ಹೆದರಿಕೆ. ಕಾನೂನು ಆಗ್ಲಿ, ಆಮೇಲೆ ಹೇಳೋಣ ಅಂತ ನನಗೆ ನಾನೇ ಹೇಳ್ಕೊಂಡೆ. ಅದು ಸುಳ್ಳು."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಸದನದಲ್ಲಿದ್ದ ವಕೀಲ ಶಾಸಕರೆಲ್ಲ ಒಟ್ಟಿಗೆ ಎದ್ದರು. ನ್ಯಾಯಾಂಗಕ್ಕೆ ಅವಮಾನ, ತೀರಿಕೊಂಡವರಿಗೆ ಅವಮಾನ ಅಂತ ಕೂಗು. ಬೆಣ್ಣೆ ಅಧ್ಯಕ್ಷರ ಕಿವಿಯಲ್ಲಿ ಏನೋ ಊದಿದ. ಅಧ್ಯಕ್ಷರು ಸುತ್ತಿಗೆ ಬಡಿದು, "ಈ ಮಾತುಗಳನ್ನು ಕಡತದಿಂದ ತೆಗೆದುಹಾಕಿ," ಅಂದರು. ಆಮೇಲೆ ಎಲ್ಲರೂ ಫೋಟೋಗೆ ಹೋದರು.

ಸದನದಲ್ಲಿ ಆಡಿದ ಮಾತನ್ನು ಶೀಘ್ರಲಿಪಿಯವರು ಬರೆದುಕೊಂಡು, ಗಂಟೆಯೊಳಗೆ ಒಂದು ಪ್ರತಿಯನ್ನು ತಿದ್ದಿ ಕೊಡಲು ಆಯಾ ಸದಸ್ಯರ ಕೋಣೆಗೆ ಕಳಿಸುತ್ತಾರೆ. ಅಳಿಸುವ ಆದೇಶ ಕೆಳಗಿಳಿದು ಬರುವಷ್ಟರಲ್ಲಿ ಪ್ರತಿ ನನ್ನ ಮೇಜಿಗೆ ಬಂದಿತ್ತು. ಓದಿದೆ. ಒಂದು ಅಕ್ಷರ ಬಿಟ್ಟುಹೋಗಿರಲಿಲ್ಲ. ಸ್ವಲ್ಪ ಹೊತ್ತಿಗೆ ಜವಾನ ಓಡಿಬಂದ.

"ಸಾರ್, ಮೇಡಂ ಭಾಷಣದ ಪ್ರತಿ ವಾಪಸ್ ಬೇಕಂತೆ."

"ಬಂದೇ ಇಲ್ವಲ್ಲಪ್ಪ," ಅಂದೆ. ಅಷ್ಟು ಹೊತ್ತಿಗೆ ಅದು ಅಂಗಿಯೊಳಗೆ ಹೊಟ್ಟೆಗೆ ಅಂಟಿಕೊಂಡಿತ್ತು. ಇಪ್ಪತ್ತೇಳು ವರ್ಷದ ನೌಕರಿಯಲ್ಲಿ ಮೇಲಿನವರಿಗಾಗಿ ನೂರು ಸುಳ್ಳು ಹೇಳಿದ್ದೆ. ಮೇಲಿನವರಿಗೇ ಸುಳ್ಳು ಹೇಳಿದ್ದು ಅದೇ ಮೊದಲು. ಇದನ್ನು ದೊಡ್ಡಸ್ತಿಕೆಗೆ ಹೇಳುತ್ತಿಲ್ಲ. ಸಿಕ್ಕಿಬಿದ್ದಿದ್ದರೆ ಮೇಡಂ ಮೇಲೇ ಹಾಕಿಬಿಡುತ್ತಿದ್ದೆನೇನೋ.

ಅವತ್ತೇ ಸಂಜೆ ನೆಲಮಾಳಿಗೆಯ ಅಂಗಡಿಗೆ ಹೋಗಿ ಅದನ್ನು ದರ್ಜಿ ಹೆಂಗಸಿನ ಕೈಗೆ ಕೊಟ್ಟೆ. ಅವಳು ತುಟಿ ಆಡಿಸುತ್ತ ಓದಿದಳು. "ಎಳ್ಕೊಂಡ ಅಂದಿದ್ದೆ ನಾನು. ಅದೂ ನೆನಪಿದೆ ಆಯಮ್ಮನಿಗೆ," ಅಂದಳು. ಆಮೇಲೆ ಕೇಳಿದಳು: "ಇದನ್ನ ಕೋರ್ಟಲ್ಲಿ ನಿಂತು ಹೇಳ್ತಾರಾ? ಅಥವಾ ಹೋಗೋ ದಿನ ನಿಮ್ಮ ಆ ಕಟ್ಟಡದಲ್ಲಿ ಮಾತ್ರವಾ?"

"ಹೇಳ್ತಾರೆ," ಅಂದೆ. ಹಾಗನ್ನಲು ನನಗೆ ಯಾವ ಅಧಿಕಾರವೂ ಇರಲಿಲ್ಲ.

ಆ ವಾರವೇ ಅವಳು ಅರ್ಜಿ ಹಾಕಿದಳು. ಅದು ವಿಚಾರಣೆಗೆ ಬರಲು ಎಂಟು ತಿಂಗಳಾಯಿತು. ಮೇಡಂ ಸಾಕ್ಷಿ ಕಟ್ಟೆ ಹತ್ತಿದ ದಿನ ನಾನು ರಜೆ ಹಾಕಿ ಹೋಗಿದ್ದೆ. ಹೊಸ ನ್ಯಾಯಾಧೀಶರು, ಮೂವತ್ತೈದು ದಾಟಿರಲಿಲ್ಲ, ಗೋಡೆಯ ಗಡಿಯಾರದ ಮೇಲೆ ಕಣ್ಣು. ಮೂಲೆಯಲ್ಲಿ ಕಂಪ್ಯೂಟರಿನ ಮುಂದೆ ಟೈಪಿಸ್ಟ್ ಹುಡುಗಿ. ಮೇಡಂ ಒಂದು ಗಂಟೆ ಹೇಳಿದರು. ನ್ಯಾಯಾಧೀಶರು ಏಳು ಸಾಲು ಬರೆಸಿ, "ಸಹಿ ಹಾಕಿಸಿ," ಅಂದರು.

"ಓದಿ ಹೇಳಿ," ಅಂದರು ಮೇಡಂ.

"ನೀವೇ ಓದ್ಕೋಬಹುದಲ್ಲ, ಓದಿದವರು."

"ಓದಿ ಹೇಳ್ಬೇಕು ಅಂತ ಕಾನೂನಿದೆ. ಧ್ವನಿಮುದ್ರಣನೂ ಆಗ್ಬೇಕು."

"ಸಾಧ್ಯವಾದ ಮಟ್ಟಿಗೆ ಅಂತ ಇದೆಯಮ್ಮಾ," ಅಂದರು ಅವರು, ಸ್ವಲ್ಪ ನಕ್ಕು. "ಇನ್ನೂ ಇಪ್ಪತ್ತೆರಡು ಕೇಸಿದೆ ಇವತ್ತು."

"ಹಾಗಾದ್ರೆ ಸಾಧ್ಯವಾಗಲಿಲ್ಲ, ಯಾಕೆಂದರೆ ಸಮಯ ಇರಲಿಲ್ಲ ಅಂತ ಅದರಲ್ಲೇ ಬರೆಸಿ. ಅದನ್ನ ಓದಿ ಹೇಳಿ. ಸಹಿ ಹಾಕ್ತೀನಿ."

ಹುಡುಗಿಯ ಕೈ ಕೀಲಿಮಣೆಯ ಮೇಲೆ ನಿಂತುಬಿಟ್ಟಿತ್ತು. ವಕೀಲರು ಗಂಟಲು ಸರಿಮಾಡಿಕೊಂಡರು. ಹಾಗೆ ಬರೆಸಿದರೆ ಮೇಲಿನ ಕೋರ್ಟು ಓದುತ್ತದೆ ಅನ್ನುವುದು ನ್ಯಾಯಾಧೀಶರಿಗೂ ಹೊಳೆಯಿತು. ಓದಿಸಿದರು. ಮೇಡಂ ಹದಿನಾಲ್ಕು ತಿದ್ದುಪಡಿ ಹೇಳಿದರು. ಏಳು ಸಾಲು ಮೂರು ಪುಟವಾಯಿತು. ಊಟದ ಹೊತ್ತು ದಾಟಿ ಮುಕ್ಕಾಲು ಗಂಟೆ. ಯಾರೂ ಹಸಿವಿನಿಂದ ಸಾಯಲಿಲ್ಲ. ಹೊರಗೆ ಬರುವಾಗ ಮೇಡಂ ಆ ಹುಡುಗಿಯ ಹತ್ತಿರ ನಿಂತು, "ಕೈ ನಿಲ್ಲಿಸೋದು ಕಲ್ತ್ಕೋ," ಅಂದರು. ಅವಳು ತಲೆ ತಗ್ಗಿಸಿದಳು, ಅರ್ಥವಾಯಿತೋ ಇಲ್ಲವೋ.

ಮತ್ತೆ ಆರು ತಿಂಗಳಿಗೆ ತೀರ್ಪು ಬಂತು. ಹಿಂದಿನ ಹೇಳಿಕೆ ನಂಬಿಕೆಗೆ ಅರ್ಹವಲ್ಲ, ಆಕೆ ತನ್ನ ರಕ್ಷಣೆಗಾಗಿ ತಳ್ಳಿದ್ದಾಳೆ, ನಿರಪರಾಧಿ. ಅನುಭವಿಸಿ ಮುಗಿಸಿದ ಹತ್ತು ವರ್ಷದ ಬಗ್ಗೆ ಅದರಲ್ಲಿ ಒಂದು ಸಾಲು: 'ವಿಷಾದನೀಯ'. ಅದರ ಬೆನ್ನಲ್ಲೇ ಮೇಡಂ ಮೇಲೆ ಇಲಾಖೆಯ ವಿಚಾರಣೆ ಬಂತು, ಅವರ ಹಳೇ ನೌಕರಿಯ ಪಿಂಚಣಿ ಕತ್ತರಿಸಿದರು. ಬರೆಸಿದವರ ಹೆಸರು ಇವತ್ತಿಗೂ ಗ್ರಂಥಾಲಯದ ಬಾಗಿಲ ಮೇಲಿದೆ. ಅದೇ ವರ್ಷ ಆ ಕಾನೂನಿಗಾಗಿ ಬೆಣ್ಣೆಗೆ ಒಂದು ಪ್ರಶಸ್ತಿ ಬಂತು. ಸಮಾರಂಭದಲ್ಲಿ ನನ್ನನ್ನು ಕಂಡು, "ನಿಮ್ಮ ಅಕ್ಕ ಹೇಗಿದಾರೆ?" ಅಂತ ಹೆಗಲ ಮೇಲೆ ಕೈ ಹಾಕಿದ. ಕೈಯನ್ನು ಎತ್ತಿ ಕೆಳಗಿಟ್ಟೆ. ಅವನು ಅದನ್ನೂ ನಗುತ್ತಲೇ ಸಹಿಸಿಕೊಂಡ. ಅಂಥವರಿಗೆ ತಿರಸ್ಕಾರವೂ ಅಂಟುವುದಿಲ್ಲ.

ತೀರ್ಪಿನ ಪ್ರಮಾಣಿತ ಪ್ರತಿ ಕೈಗೆ ಬಂದ ದಿನ ದರ್ಜಿ ಹೆಂಗಸು ಅಂಗಡಿಗೆ ಬೀಗ ಹಾಕಿ, ಒಳ್ಳೆ ಬಟ್ಟೆ ಉಟ್ಟು, ನಮ್ಮಿಬ್ಬರನ್ನೂ ಕರೆದುಕೊಂಡು ನರ್ಸಿಂಗ್ ಶಾಲೆಯ ಬಸ್ ನಿಲ್ದಾಣಕ್ಕೆ ಬಂದಳು. ಮಗಳು ಅಲ್ಲಿ ಎರಡನೇ ವರ್ಷ ಓದುತ್ತಿದ್ದಳು. ಬಿಡುಗಡೆಯಾದ ಮೇಲೆ ಇವಳು ಎರಡು ಸಲ ನೋಡಲು ಹೋದಾಗ, ಎರಡು ಸಲವೂ ಮಗಳು ಮುಖ ತಿರುಗಿಸಿಕೊಂಡು ಹೋಗಿದ್ದಳಂತೆ.

"ನೀವಿಬ್ರೂ ಇಲ್ಲೇ ಇರಿ," ಅಂದಳು. "ನಿಮ್ಮನ್ನ ನೋಡಿದ್ರೆ ಮತ್ತೆ ಕೋರ್ಟು ಅಂದ್ಕೋತಾಳೆ."

ನಾವು ಬೆಂಚಿನ ಮೇಲೆ ಕೂತೆವು. ಮೂರು ಬಸ್ಸು ಬಂದು ಹೋದವು. ಮೇಡಂ ಒಂಬತ್ತು ವರ್ಷ ಸದನದಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂತವರು, ಆ ಬೆಂಚಿನ ಮೇಲೆ ಬಾಗಿ ಮುದುಡಿಕೊಂಡಿದ್ದರು. ಅರ್ಧ ಗಂಟೆಗೆ ಅವಳು ಒಬ್ಬಳೇ ವಾಪಸ್ ಬಂದಳು. ಕೈಯಲ್ಲಿ ಕಾಗದ ಇರಲಿಲ್ಲ.

"ಏನಂದ್ಳು?" ಅಂತ ಮೇಡಂ ಎದ್ದು ನಿಂತರು.

"ಓದಿದ್ಳು. ಎರಡು ಸಲ. ಇಟ್ಕೊಳ್ಳಲಾ ಅಂತ ಕೇಳಿದ್ಳು. ಇಟ್ಕೋ ಅಂದೆ."

"ಮತ್ತೆ?"

"ಪರೀಕ್ಷೆ ಇದೆ, ಭಾನುವಾರ ಬರ್ತೀನಿ ಅಂದ್ಳು."

"ಅಷ್ಟೇನಾ?"

"ಅಷ್ಟೇ," ಅಂದಳು ಅವಳು. "ನಿಮ್ಮ ಸರ್ಕಾರಕ್ಕಿಂತ ಪರವಾಗಿಲ್ಲ. ಇಂಥ ದಿನ ಅಂತ ಹೇಳಿದಾಳೆ." ಮೇಡಂ ಕೈ ಚಾಚಲು ಹೋದರು. ಅವಳು ಆ ಕೈಯನ್ನು ನೋಡಿದಳು, ಹಿಡಿಯಲಿಲ್ಲ. ಬೆಂಚಿನ ಮೇಲೆ ಸರಿದು ಕೂತು, ಮೇಡಂಗೆ ಪಕ್ಕದಲ್ಲಿ ಜಾಗ ಬಿಟ್ಟಳು. ನಮ್ಮ ಬಸ್ಸು ಬರುವ ತನಕ ಇಬ್ಬರೂ ಹಾಗೇ ಕೂತಿದ್ದರು.

ಭಾನುವಾರ ನಾನು ಒಂದು ಪ್ಯಾಂಟು ಹಿಡಿದುಕೊಂಡು ಆ ಕಡೆ ಹೋದೆ. ಭಾನುವಾರವೂ ತೆಗೆದಿರುತ್ತಿದ್ದ ಅಂಗಡಿ ಮುಚ್ಚಿತ್ತು. ಮುಂದಿನ ಭಾನುವಾರವೂ ಮುಚ್ಚಿತ್ತು.